ಕೇಳದೆ ಕೊಯ್ದ ಬೆಳೆ: ಕೃತಕ ಬುದ್ಧಿಮತ್ತೆ ಮತ್ತು ಹಳ್ಳಿಯ ನುಡಿ

(ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಸೈದಾಪುರ ರೈಲುಹಳಿಯ ಮೇಲಿನ ಊರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಭಾಗದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಡೆಗೆ ಹೊರಡುವುದು ಇಲ್ಲಿಯವರಿಗೆ ಹೊಸ ನೋಟವಲ್ಲ. ರಾಜಧಾನಿಯ ಹೊರವಲಯದಲ್ಲಿ ಎದ್ದು ನಿಂತಿರುವ ಗಾಜಿನ ಕಟ್ಟಡಗಳಿಗೆ ಗಾರೆ ಹೊತ್ತ ಕೈಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಕೈಗಳು ಬಹಳ. ಕಟ್ಟಡ ಮುಗಿದ ದಿನ ಆ ಕುಟುಂಬಗಳು ತಾಡಪತ್ರಿಯ ಗುಡಿಸಲನ್ನು ಕಿತ್ತು ಮುಂದಿನ ನಿವೇಶನಕ್ಕೆ ಹೋಗುತ್ತವೆ. ತಾವು ಕಟ್ಟಿದ ಕಟ್ಟಡದ ಬಾಗಿಲನ್ನು ಮತ್ತೆ ದಾಟುವ ಅವಕಾಶ ಅವರಿಗೆ ಇರುವುದಿಲ್ಲ.

ಇದುವರೆಗೆ ಈ ಸೀಮೆಯಿಂದ ಹೊರಗೆ ಹೋದದ್ದು ಮೈದುಡಿಮೆ, ತೊಗರಿ, ಹತ್ತಿ, ಕಲ್ಲು ಮತ್ತು ನೀರು. ಈಗ ಆ ಪಟ್ಟಿಗೆ ಇನ್ನೊಂದು ವಸ್ತು ಸೇರಿದೆ. ಅದು ಇಲ್ಲಿಯ ಮಾತು. ಅದಕ್ಕೆ ರೈಲು ಬೇಕಿಲ್ಲ, ಲಾರಿ ಬೇಕಿಲ್ಲ. ಕೈಯಲ್ಲಿರುವ ಮೊಬೈಲು ಸಾಕು. ಹಾಗೆ ಹೋದ ಮಾತಿನಿಂದ ಏನನ್ನು ಮಾಡಲಾಗುತ್ತಿದೆ, ಅದರ ಒಡೆತನ ಯಾರದು, ಅದರ ಖರ್ಚನ್ನು ಯಾರು ಹೊರುತ್ತಿದ್ದಾರೆ ಎಂಬುದು ಇಂದಿನ ವಿಷಯ. ಪರಿಸರ ಚಳವಳಿಯ ವೇದಿಕೆಯಲ್ಲಿ ಗಣಕಯಂತ್ರದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನೆಲ ಮತ್ತು ಬೀಜಕ್ಕೆ ಏನಾಯಿತು ಎಂಬುದನ್ನು ಬಲ್ಲವರಿಗೆ ನುಡಿಗೆ ಏನಾಗುತ್ತಿದೆ ಎಂಬುದು ಬೇಗ ಅರ್ಥವಾಗುತ್ತದೆ.

ಮಾತು ಹೆಣೆಯುವ ಯಂತ್ರ

2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಕಂಪನಿ ಚಾಟ್‌ಜಿಪಿಟಿ ಎಂಬ ತಂತ್ರಾಂಶವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಪ್ರಶ್ನೆ ಕೇಳಿದರೆ ಉತ್ತರ ಬರೆಯುವ, ಪತ್ರ, ಪ್ರಬಂಧ, ಪದ್ಯಗಳನ್ನು ಹೆಣೆಯುವ ಇಂಥ ವ್ಯವಸ್ಥೆಗಳಿಗೆ ಜನರೇಟಿವ್ ಎಐ ಎಂದು ಹೆಸರು. ಇಂದು ಇದೇ ಬಗೆಯ ಹಲವು ಯಂತ್ರಗಳು ಕನ್ನಡದಲ್ಲಿಯೂ ಉತ್ತರಿಸುತ್ತಿವೆ.

ಈ ಯಂತ್ರ ಕೆಲಸ ಮಾಡುವ ರೀತಿಯಲ್ಲಿ ಮಾಯೆ ಏನಿಲ್ಲ. ಮನುಷ್ಯರು ಬರೆದಿಟ್ಟ ಅಪಾರ ಬರಹವನ್ನು, ಎಂದರೆ ಪುಸ್ತಕ, ಪತ್ರಿಕೆ, ಅಂತರ್ಜಾಲದ ಪುಟಗಳನ್ನು, ಅದಕ್ಕೆ ಉಣಿಸಲಾಗುತ್ತದೆ. ಯಾವ ಮಾತಿನ ತುಣುಕಿನ ನಂತರ ಯಾವ ತುಣುಕು ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಅದು ಕೋಟ್ಯಂತರ ಬಾರಿ ಅಂದಾಜಿಸುತ್ತಾ, ತಪ್ಪಿದಾಗ ತಿದ್ದಿಕೊಳ್ಳುತ್ತಾ ಕಲಿಯುತ್ತದೆ. ಆಮೇಲೆ ಪ್ರಶ್ನೆಗೆ ತಕ್ಕಂತೆ ತುಣುಕಿಗೆ ತುಣುಕು ಜೋಡಿಸಿ ಉತ್ತರ ಹೆಣೆಯುತ್ತದೆ. ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ಮಾತು ಕೇಳಿ ಬೆಳೆದ ಈ ಸೀಮೆಯ ಹಿರಿಯರು ಇದನ್ನೂ ಒಂದು ಕಾಲಜ್ಞಾನವೆಂದು ತಿಳಿಯಬೇಕಾಗಿಲ್ಲ. ಅದರ ಬಂಡವಾಳ ಮನುಷ್ಯರು ಹಿಂದೆ ಆಡಿದ, ಬರೆದ ಮಾತು. ಅದರಲ್ಲಿ ಸತ್ಯವಿದ್ದರೆ ಸತ್ಯ, ಸುಳ್ಳಿದ್ದರೆ ಸುಳ್ಳು. ಎರಡನ್ನೂ ಅದು ಒಂದೇ ಧೈರ್ಯದಲ್ಲಿ ಹೇಳಬಲ್ಲದು. ಇಲ್ಲದ್ದನ್ನು ಕಲ್ಪಿಸಿ ಹೇಳುವುದೂ ಉಂಟು.

ಇಂಗ್ಲಿಷಿನಲ್ಲಿ ಬರೆದ ಸರಕು ಹೆಚ್ಚಾಗಿರುವುದರಿಂದ ಇಂಥ ಅನೇಕ ಯಂತ್ರಗಳನ್ನು ಇಂಗ್ಲಿಷಿನ ಅಳತೆಗೇ ಹೊಲಿಯಲಾಗಿದೆ. ಒಂದೇ ಅರ್ಥದ ವಾಕ್ಯ ಇಂಗ್ಲಿಷಿನಲ್ಲಿ ಕೆಲವೇ ತುಣುಕುಗಳಾದರೆ, ಕನ್ನಡದಲ್ಲಿ ಅದರ ಹಲವು ಪಟ್ಟು ತುಣುಕುಗಳಾಗಿ ಒಡೆಯುವುದನ್ನು ಸಂಶೋಧಕರು ತೋರಿಸಿದ್ದಾರೆ. ತುಣುಕಿನ ಲೆಕ್ಕದಲ್ಲಿಯೇ ಬೆಲೆ ಕಟ್ಟುವ ವ್ಯಾಪಾರದಲ್ಲಿ ಇದು ಕನ್ನಡದ ಮೇಲೆ ಬಿದ್ದ ಕಾಣದ ಸುಂಕ. ಇನ್ನು ಕನ್ನಡದೊಳಗೂ ಯಂತ್ರಕ್ಕೆ ಗೊತ್ತಿರುವುದು ಬಹುಮಟ್ಟಿಗೆ ಅಚ್ಚಿನ ಕನ್ನಡ. ಉರ್ದು, ತೆಲುಗು ಬೆರೆತ ಈ ಗಡಿಸೀಮೆಯ ಆಡುಮಾತು ಅದಕ್ಕೆ ತಪ್ಪು ಕನ್ನಡದಂತೆ ತೋರುವ ಅಪಾಯವಿದೆ. ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿಯೇ ಈಗ ಹಳ್ಳಿಯ ಧ್ವನಿಯನ್ನು ಸಂಗ್ರಹಿಸುವ ಕೆಲಸ ದೇಶದಾದ್ಯಂತ ನಡೆಯುತ್ತಿರುವುದು.

ಬೀಜ ಕಲಿಸಿದ ಪಾಠ

ಸಂಗ್ರಹ ಎಂಬ ಮಾತು ರೈತರಿಗೆ ಹೊಸದಲ್ಲ. ಕಳೆದ ಶತಮಾನದುದ್ದಕ್ಕೂ ಹಳ್ಳಿಗಳಿಂದ ಬೀಜದ ತಳಿಗಳನ್ನು ಸಂಗ್ರಹಿಸಲಾಯಿತು. ಹೆಂಗಸರು ಬುಟ್ಟಿಯಲ್ಲಿ, ಗಡಿಗೆಯಲ್ಲಿ ಬೂದಿ ಬೆರೆಸಿ ಕಾಪಾಡಿಕೊಂಡು ಬಂದ ಬೀಜ ಸಂಶೋಧನಾ ಕೇಂದ್ರಗಳ ಶೈತ್ಯಾಗಾರ ಸೇರಿತು. ಅಲ್ಲಿಂದ ಹೊಸ ತಳಿಗಳು ಹುಟ್ಟಿದವು. ಅವುಗಳಿಂದ ಉಪಕಾರವೂ ಆಯಿತು. ಆದರೆ ಬೀಜ ಕೊಟ್ಟ ಹಳ್ಳಿಯ ಹೆಸರು ಕಡತದ ಒಂದು ಸಂಖ್ಯೆಯಾಗಿ ಉಳಿಯಿತು. ಆಮೇಲೆ ಬಹುರಾಷ್ಟ್ರೀಯ ಕಂಪನಿಗಳ ಕಾಲ ಬಂದು, ಅದೇ ಬೀಜದ ವಂಶ ಪೇಟೆಂಟಿನ ಮುದ್ರೆ ಹೊತ್ತು ಮಾರುಕಟ್ಟೆಗೆ ಮರಳತೊಡಗಿತು.

ಈ ವಿಷಯದಲ್ಲಿ ಕರ್ನಾಟಕದ ರೈತರು ಸುಮ್ಮನೆ ಕುಳಿತವರಲ್ಲ. 1998ರ ನವೆಂಬರ್‌ನಲ್ಲಿ ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಕುಲಾಂತರಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟುಹಾಕಿತು. ಬೆಳೆ ಸುಡುವ ಕ್ರಮ ಸರಿಯೇ ತಪ್ಪೇ ಎಂಬ ಚರ್ಚೆ ಆಗಲೂ ನಡೆಯಿತು, ಈಗಲೂ ನಡೆಯಬಹುದು. ಆದರೆ ಅಂದು ಎದ್ದ ಮುಖ್ಯ ಆಕ್ಷೇಪ ತಂತ್ರಜ್ಞಾನವೊಂದರ ಬಗೆಗಷ್ಟೇ ಇರಲಿಲ್ಲ. ತನ್ನ ಹೊಲದಲ್ಲಿ ಬಿತ್ತಿದ್ದು ಎಂಥ ಬೀಜ ಎಂಬುದನ್ನು ರೈತನಿಗೆ ತಿಳಿಸಿ ಹೇಳಿರಲಿಲ್ಲ ಎಂಬುದು ಆ ಆಕ್ಷೇಪ.

ಹನ್ನೆರಡು ವರ್ಷಗಳ ನಂತರ ಇನ್ನೊಂದು ಪ್ರಕರಣ ಬಂತು. ಕುಲಾಂತರಿ ಬದನೆಯನ್ನು ರೂಪಿಸುವಾಗ ಉಡುಪಿಯ ಗುಳ್ಳ ಸೇರಿದಂತೆ ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು, ಜೀವವೈವಿಧ್ಯ ಕಾಯ್ದೆ ಹೇಳುವ ಅನುಮತಿ ಪಡೆಯದೆ ಬಳಸಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ನೀಡಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು. 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ಆರೋಪಕ್ಕೆ ಗುರಿಯಾದವರು ಅದನ್ನು ಒಪ್ಪಲಿಲ್ಲ, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಆದರೂ ಆ ಪ್ರಕರಣ ಒಂದು ಮಾತನ್ನು ದೇಶದ ಮುಂದಿಟ್ಟಿತು. ಹಳ್ಳಿಯಿಂದ ತಂದ ಬೀಜ ಬಿಟ್ಟಿ ಬಿದ್ದ ಸರಕಲ್ಲ, ಅದರ ಹಿಂದೆ ಒಂದು ಸಮುದಾಯದ ಹಕ್ಕಿದೆ.

ಈ ಮಾತಿಗೆ ಕಾನೂನಿನ ಆಧಾರ ದೊರೆತದ್ದೂ ಹೋರಾಟದಿಂದಲೇ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತನಿಗೆ ಕೊಟ್ಟಿತು. 2002ರ ಜೀವವೈವಿಧ್ಯ ಕಾಯ್ದೆ ಅನುಮತಿ ಮತ್ತು ಲಾಭ ಹಂಚಿಕೆ ಎಂಬ ಎರಡು ತತ್ವಗಳನ್ನು ತಂದಿತು. 2023ರ ತಿದ್ದುಪಡಿ ಈ ಕಾಯ್ದೆಯ ಹಲ್ಲುಗಳನ್ನು ಸಾಕಷ್ಟು ಸವೆಸಿದೆ ಎಂಬುದೂ ನಿಜ. ಈಚೆಗೆ ಜಗತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬೀಜವನ್ನೇ ಒಯ್ಯದೆ, ಅದರ ವಂಶವಾಹಿಯ ಮಾಹಿತಿಯನ್ನು ಮಾತ್ರ ಗಣಕದಲ್ಲಿ ಬಳಸುವ ಕಂಪನಿಗಳೂ ಲಾಭದ ಶೇ. 1 ಅಥವಾ ವಹಿವಾಟಿನ ಶೇ. 0.1ರಷ್ಟನ್ನು ಕೊಡಬೇಕೆಂದು 2024ರಲ್ಲಿ ಕೊಲಂಬಿಯದ ಕಾಲಿ ನಗರದಲ್ಲಿ ಸೇರಿದ ರಾಷ್ಟ್ರಗಳು ಒಪ್ಪಿದವು. 2025ರಲ್ಲಿ ಅದಕ್ಕಾಗಿ ಕಾಲಿ ನಿಧಿ ಸ್ಥಾಪನೆಯಾಯಿತು. ಕೊಡುವುದು ಕಡ್ಡಾಯವಲ್ಲ, ಅದು ದೊಡ್ಡ ಲೋಪ. ಆದರೂ ಒಯ್ದದ್ದು ಮಾಹಿತಿ ಮಾತ್ರವಾದರೂ ಋಣ ಋಣವೇ ಎಂಬ ತತ್ವವನ್ನು ರಾಷ್ಟ್ರಗಳು ಒಪ್ಪಿದಂತಾಯಿತು.

ವಂಶವಾಹಿಯ ಮಾಹಿತಿಗೆ ಸಲ್ಲುವ ಈ ನ್ಯಾಯ ಹಳ್ಳಿಯ ಮಾತಿಗೆ ಸಲ್ಲಬಾರದೇಕೆ? ಬೀಜದಂತೆಯೇ ನುಡಿಯೂ ಒಬ್ಬನ ಸೃಷ್ಟಿಯಲ್ಲ. ತಲೆಮಾರುಗಳು ಆಡಿ, ಆಯ್ದು, ಉಳಿಸಿ ಕೊಟ್ಟದ್ದು.

ದಾನವೋ, ದುಡಿಮೆಯೋ?

ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆ ಭಾರತೀಯ ಭಾಷೆಗಳಿಗೆ ಅನುವಾದ ಮತ್ತು ಧ್ವನಿ ಸೌಲಭ್ಯಗಳನ್ನು ಒದಗಿಸುವ ಉದ್ದೇಶದ್ದು. ಅದರ ಒಂದು ಅಂಗದ ಹೆಸರು ಭಾಷಾದಾನ. ಜನರು ಸ್ವಯಂಪ್ರೇರಣೆಯಿಂದ ತಮ್ಮ ಭಾಷೆಯ ವಾಕ್ಯಗಳನ್ನು ಓದಿ, ಬರೆದು, ಪರಿಶೀಲಿಸಿ ದಾನ ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಕಂಪನಿಯ ಸಹಯೋಗದಲ್ಲಿ ಕೈಗೊಂಡ ವಾಣಿ ಯೋಜನೆ ದೇಶದ 773 ಜಿಲ್ಲೆಗಳಿಂದ ಸುಮಾರು 10 ಲಕ್ಷ ಜನರ 1.5 ಲಕ್ಷ ಗಂಟೆಗೂ ಮಿಕ್ಕಿದ ಮಾತನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡಿತು. ಹೀಗೆ ಸಂಗ್ರಹಿಸಿದ್ದನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಇಡುವುದು ಈ ಯೋಜನೆಗಳ ನೀತಿ.

ಈ ಕೆಲಸದಲ್ಲಿ ತೊಡಗಿರುವ ಭಾಷಾತಜ್ಞರ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಸಣ್ಣ ಭಾಷೆಗಳು ಯಂತ್ರಲೋಕದಿಂದ ಹೊರಗೆ ಉಳಿಯಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಎಲ್ಲರಿಗೂ ಮುಕ್ತ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಗೋಮಾಳ ಎಲ್ಲರಿಗೂ ಮುಕ್ತ. ಒಬ್ಬನಿಗೆ ಎರಡು ಆಡುಗಳಿದ್ದು, ಇನ್ನೊಬ್ಬನಿಗೆ ಎರಡು ಸಾವಿರ ಆಡುಗಳಿದ್ದರೆ ಆ ಮುಕ್ತತೆಯಿಂದ ಹೊಟ್ಟೆ ತುಂಬುವುದು ಯಾರದು? ಲಕ್ಷ ಗಂಟೆಗಳ ಧ್ವನಿಯನ್ನು ಅರೆದು ಯಂತ್ರ ಕಟ್ಟುವಷ್ಟು ಗಣಕಶಕ್ತಿ ಜಗತ್ತಿನಲ್ಲಿ ಕೆಲವೇ ಕಂಪನಿಗಳ ಕೈಯಲ್ಲಿದೆ.

ದಾನ ಎಂಬ ಪದವನ್ನೂ ಗಮನಿಸಬೇಕು. 1951ರಲ್ಲಿ ನೆರೆಯ ತೆಲಂಗಾಣ ಸೀಮೆಯ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರು ಭೂದಾನ ಚಳವಳಿಯನ್ನು ಆರಂಭಿಸಿದರು. ಅದರ ಸೋಲು ಗೆಲುವು ಏನೇ ಇರಲಿ, ಅಲ್ಲಿ ಭೂಮಿ ಉಳ್ಳವರಿಂದ ಇಲ್ಲದವರ ಕಡೆಗೆ ಹರಿಯಬೇಕಿತ್ತು. ಭಾಷಾದಾನದಲ್ಲಿ ಹರಿವಿನ ದಿಕ್ಕು ತಿರುಗಿದೆ. ಇಲ್ಲದವರು ಕೊಟ್ಟದ್ದು ಕೊನೆಗೆ ಉಳ್ಳವರ ಕಣಜವನ್ನೂ ತುಂಬಬಹುದು. ಅದನ್ನು ತಡೆಯುವ ಒಡ್ಡು ಎಲ್ಲಿಯೂ ಇಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಪ್ರಯೋಗವಾಗಿ ಹುಟ್ಟಿ, 2021ರಲ್ಲಿ ಸ್ವತಂತ್ರ ಸಂಸ್ಥೆಯಾದ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಕನ್ನಡ ವಾಕ್ಯಗಳನ್ನು ಮೊಬೈಲಿನಲ್ಲಿ ಓದಿ ದಾಖಲಿಸುವ ಕೆಲಸಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟದ್ದು 2023ರಲ್ಲಿ ಸುದ್ದಿಯಾಯಿತು. ಆ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಸಲ್ಲುವ ಏರ್ಪಾಡು ಅಲ್ಲಿತ್ತು. ಇದು ಸಣ್ಣ ಪ್ರಮಾಣದ್ದು, ಒಬ್ಬೊಬ್ಬರಿಗೆ ಕೆಲವೇ ದಿನಗಳ ಕೆಲಸ, ನಿಜ. ಆದರೆ ಮಾತನಾಡುವುದೂ ದುಡಿಮೆ, ಅದಕ್ಕೆ ಕೂಲಿ ಇದೆ, ಪಾಲೂ ಇದೆ ಎಂಬುದನ್ನು ಅದು ತೋರಿಸಿಕೊಟ್ಟಿತು. ದಾನ ಬೇಡುವುದು ಅನಿವಾರ್ಯವೆಂದು ಇನ್ನು ಯಾರೂ ಹೇಳುವಂತಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಆಫ್ರಿಕದಿಂದ ಬಂದಿದೆ. ಚಾಟ್‌ಜಿಪಿಟಿಯ ಬಾಯಿಂದ ಹೊಲಸು ಮಾತು ಬಾರದಂತೆ ತಿದ್ದುವುದಕ್ಕಾಗಿ ಹಿಂಸೆ, ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯದ ಬರಹಗಳನ್ನು ದಿನವಿಡೀ ಓದಿ ಗುರುತು ಹಾಕಿದವರು ಕೀನ್ಯಾದ ಗುತ್ತಿಗೆ ಕೆಲಸಗಾರರು. ಅವರಿಗೆ ದೊರೆತ ಕೂಲಿ ಗಂಟೆಗೆ 2 ಡಾಲರಿಗಿಂತ ಕಡಿಮೆ ಎಂದು 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ಯಂತ್ರದ ಸಭ್ಯತೆಯ ಹಿಂದೆ ಮನುಷ್ಯರ ನಿದ್ದೆಗೆಟ್ಟ ರಾತ್ರಿಗಳಿವೆ. ಗಾಜಿನ ಕಟ್ಟಡದ ಹಿಂದೆ ತಾಡಪತ್ರಿಯ ಗುಡಿಸಲಿದ್ದಂತೆ ಇದು.

ಅಚ್ಚಾದದ್ದಕ್ಕೆ ಬೆಲೆ, ಆಡಿದ್ದಕ್ಕೆ?

ಪುಸ್ತಕ ಬರೆದವರು ಈಗ ಎಚ್ಚೆತ್ತಿದ್ದಾರೆ. ಅಮೆರಿಕದಲ್ಲಿ ಲೇಖಕರು ಹೂಡಿದ ದಾವೆಯೊಂದರಲ್ಲಿ, ಕಳ್ಳಪ್ರತಿಗಳ ಸಂಗ್ರಹದಿಂದ ಪುಸ್ತಕಗಳನ್ನು ಇಳಿಸಿಕೊಂಡ ಆಪಾದನೆಗೆ ಸಂಬಂಧಿಸಿ ಆಂಥ್ರೊಪಿಕ್ ಎಂಬ ಕಂಪನಿ 2025ರಲ್ಲಿ 150 ಕೋಟಿ ಡಾಲರ್ ಕೊಡುವ ರಾಜಿಗೆ ಒಪ್ಪಿತು. ಭಾರತದಲ್ಲಿ ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ವಿರುದ್ಧ 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಯಂತ್ರದ ತರಬೇತಿಗೆ ಬಳಸುವ ಕೃತಿಗಳಿಗೆ ಕಡ್ಡಾಯವಾಗಿ ಗೌರವಧನ ಕೊಡಿಸುವ ಪ್ರಸ್ತಾವವೊಂದನ್ನು ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 2025ರ ಡಿಸೆಂಬರಿನಲ್ಲಿ ಮುಂದಿಟ್ಟಿತು. ಇವೆಲ್ಲ ಸ್ವಾಗತಾರ್ಹ ಬೆಳವಣಿಗೆಗಳೇ.

ಆದರೆ ಈ ಎಲ್ಲ ಪ್ರಕರಣಗಳಲ್ಲಿ ಹಕ್ಕು ಕೇಳುತ್ತಿರುವವರು ಅಚ್ಚಾದ ಪುಸ್ತಕದ, ನೋಂದಾಯಿತ ಕೃತಿಯ ಒಡೆಯರು. ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರು ಕೂಡಿ ಹಾಡುವ ಮೊಹರಂ ಪದಗಳಿಗೆ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳಿಗೆ, ಗೀಗೀ ಪದಗಳಿಗೆ ಲೇಖಕರ ಸಹಿ ಇಲ್ಲ. ಯಾವ ಗಾಳಿ ಬೀಸಿದರೆ ತೊಗರಿಯ ಹೂ ಉದುರುತ್ತದೆ, ದನದ ಹೊಟ್ಟೆ ಉಬ್ಬರಿಸಿದರೆ ಯಾವ ಸೊಪ್ಪು ಅರೆದು ಕುಡಿಸಬೇಕು ಎಂಬ ಅರಿವಿಗೂ ಸಹಿ ಇಲ್ಲ. ಸಹಿ ಇಲ್ಲದ ಕಾರಣ ಅವು ಯಾರವೂ ಅಲ್ಲ ಎಂದು ಮಾರುಕಟ್ಟೆ ತೀರ್ಮಾನಿಸುತ್ತದೆ. ಪಟ್ಟಾ ಇಲ್ಲದ ಭೂಮಿಯನ್ನು ಪಾಳುಭೂಮಿ ಎಂದು ಬರೆದುಕೊಂಡ ಹಳೆಯ ಕಂದಾಯ ಇಲಾಖೆಯ ತರ್ಕವೇ ಇದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಲ್ಲಿ ನೆರವಿಗೆ ಬಾರದು. ಅದು ವ್ಯಕ್ತಿಯ ವಿವರಗಳನ್ನು ಕುರಿತದ್ದು. ಸಮುದಾಯದ ಅರಿವನ್ನು ಅದು ಕಾಣುವುದೇ ಇಲ್ಲ. ಪ್ರತಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯನ್ನೇ ನೋಡಬಹುದು. ಅದರಲ್ಲಿ ಊರಿನ ಗಿಡಮೂಲಿಕೆ, ತಳಿ, ಔಷಧದ ತಿಳಿವಳಿಕೆ ಬರೆದಿಡಲಾಗುತ್ತದೆ. ಸಮುದಾಯದ ಹಕ್ಕನ್ನು ಕಾಪಾಡಲೆಂದು ಬರೆದ ಈ ಪುಸ್ತಕ ಗಣಕಕ್ಕೆ ಏರಿ, ಯಾವುದೋ ಯಂತ್ರಕ್ಕೆ ಉಣಿಸಾದರೆ, ಹಕ್ಕಿನ ದಾಖಲೆಯೇ ಹಕ್ಕು ಕಳೆದುಕೊಳ್ಳುವ ದಾರಿಯಾಗುತ್ತದೆ. ಯಂತ್ರ ಒಮ್ಮೆ ಕಲಿತದ್ದನ್ನು ಅದರಿಂದ ಬೇರ್ಪಡಿಸಿ ಹಿಂದಕ್ಕೆ ತೆಗೆಯುವುದು ಇಂದಿಗೂ ಬಹಳ ಕಷ್ಟದ ಕೆಲಸ. ಹೊಲ ಒತ್ತುವರಿಯಾದರೆ ಅಳತೆ ಮಾಡಿ ಬಿಡಿಸಬಹುದು. ಯಂತ್ರದೊಳಗೆ ಕರಗಿದ ಮಾತನ್ನು ಅಳೆದು ಬಿಡಿಸುವ ಸರಪಳಿ ಇನ್ನೂ ತಯಾರಾಗಿಲ್ಲ.

ಮೋಡವಲ್ಲ, ನೆಲ

ಈ ಯಂತ್ರಗಳು ಮೋಡದಲ್ಲಿವೆ ಎಂದು ಕಂಪನಿಗಳು ಹೇಳುತ್ತವೆ. ವಾಸ್ತವದಲ್ಲಿ ಅವು ನೆಲದ ಮೇಲೆ, ದತ್ತಾಂಶ ಕೇಂದ್ರಗಳೆಂಬ ಭಾರಿ ಕಟ್ಟಡಗಳಲ್ಲಿ ಇವೆ. ಅವಕ್ಕೆ ಹಗಲಿರುಳು ವಿದ್ಯುತ್ತು ಬೇಕು. ಕಾದ ಯಂತ್ರಗಳನ್ನು ತಣಿಸಲು ಬಹಳ ಕಡೆ ನೀರು ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. 2030ರ ಹೊತ್ತಿಗೆ ಇದು ಇಮ್ಮಡಿ ಮೀರಿ ಸುಮಾರು 94,500 ಕೋಟಿ ಯೂನಿಟ್ ಆಗಬಹುದು. ಏರಿಕೆಗೆ ಮುಖ್ಯ ಕಾರಣ ಕೃತಕ ಬುದ್ಧಿಮತ್ತೆ. ಜಿಪಿಟಿ-3 ಎಂಬ ಹಳೆಯ ಯಂತ್ರವೊಂದರ ತರಬೇತಿಯಲ್ಲೇ ಸುಮಾರು 7 ಲಕ್ಷ ಲೀಟರ್ ಶುದ್ಧ ನೀರು ಆವಿಯಾಗಿರಬಹುದೆಂದು ಕ್ಯಾಲಿಫೋರ್ನಿಯದ ಸಂಶೋಧಕರು 2023ರಲ್ಲಿ ಲೆಕ್ಕ ಹಾಕಿದರು.

ಒಂದು ಪ್ರಶ್ನೆಗೆ ಒಂದು ಉತ್ತರ ಪಡೆಯುವ ವಿದ್ಯಾರ್ಥಿಯ ಪಾಲಿನ ಖರ್ಚು ಅಲ್ಪವೇ. ಅವನನ್ನು ಅಪರಾಧಿಯಾಗಿಸಬೇಕಿಲ್ಲ. ಪ್ರಶ್ನೆ ಇರುವುದು ಒಟ್ಟು ಹೊರೆ ಯಾರ ತಲೆಯ ಮೇಲೆ ಎಂಬುದರಲ್ಲಿ. ಆಂಧ್ರದ ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರ್ ವೆಚ್ಚದ ಕೇಂದ್ರವನ್ನು ಗೂಗಲ್ 2025ರ ಅಕ್ಟೋಬರಿನಲ್ಲಿ ಘೋಷಿಸಿತು. ಕರ್ನಾಟಕವೂ ದತ್ತಾಂಶ ಕೇಂದ್ರಗಳನ್ನು ಸೆಳೆಯಲು 2022ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿ ಹಲವು ರಿಯಾಯಿತಿಗಳನ್ನು ಘೋಷಿಸಿದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಬೆಂಗಳೂರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ.

ನಗರದ ಹಸಿವು ಹೆಚ್ಚಿದಾಗಲೆಲ್ಲ ಉಣಬಡಿಸಬೇಕಾಗಿ ಬಂದದ್ದು ದೂರದ ನೆಲಗಳು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮಲೆನಾಡಿನ ಹಳ್ಳಿಗಳನ್ನು ಮುಳುಗಿಸಿ ನಾಡಿಗೆ ಬೆಳಕು ಕೊಟ್ಟಿತು. ಅಂದು ಎದ್ದುಹೋದ ಅನೇಕ ಕುಟುಂಬಗಳಿಗೆ ಭೂಮಿಯ ಹಕ್ಕುಪತ್ರ ಇಂದಿಗೂ ಕೈಸೇರಿಲ್ಲ. ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2,000 ಮೆಗಾವಾಟ್‌ನ ಭೂಗತ ವಿದ್ಯುತ್ ಯೋಜನೆಯ ಪ್ರಸ್ತಾವಕ್ಕೆ ಜನ ವಿರೋಧ ಒಡ್ಡಿದ್ದಾರೆ. ಇತ್ತ ಬಯಲುಸೀಮೆಯಲ್ಲಿ ಶಕ್ತಿನಗರದ 1,720 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರ ಕೃಷ್ಣೆಯ ನೀರು ಕುಡಿದು ಬೂದಿ ಉಗುಳುತ್ತಾ ಬಂದಿದೆ. ಈ ಯೋಜನೆಗಳು ದತ್ತಾಂಶ ಕೇಂದ್ರಕ್ಕಾಗಿಯೇ ಹುಟ್ಟಿದವು ಎಂದಲ್ಲ. ಹೊಸ ಬೇಡಿಕೆ ಬಂದಾಗ ಮುಳುಗುವವರು, ಬೂದಿ ಉಸಿರಾಡುವವರು ಯಾರು ಎಂಬುದು ಮೊದಲೇ ನಿಗದಿಯಾಗಿರುತ್ತದೆ ಎಂಬುದಷ್ಟೇ ಇಲ್ಲಿಯ ಮಾತು.

ಅಭಿವೃದ್ಧಿಯ ಭರವಸೆ ಹೇಗಿರುತ್ತದೆ ಎಂಬುದಕ್ಕೆ ಸೈದಾಪುರದವರು ದೂರ ಹೋಗಬೇಕಿಲ್ಲ. ಪಕ್ಕದ ಕಡೇಚೂರು, ಬಾಡಿಯಾಳ ಭಾಗದಲ್ಲಿ ಕೈಗಾರಿಕಾ ಪ್ರದೇಶಕ್ಕಾಗಿ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ವಶಪಡಿಸಿಕೊಳ್ಳಲಾಯಿತು. ಮನೆಗೊಂದು ಉದ್ಯೋಗದ ಕನಸು ಅಂದು ಹಂಚಿಕೆಯಾಯಿತು. ಆಮೇಲೆ ಬಂದ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ದುರ್ವಾಸನೆ ಹಾಗೂ ತ್ಯಾಜ್ಯದ ಬಗೆಗೆ ಸುತ್ತಲಿನ ಹಳ್ಳಿಗಳು ಮತ್ತೆ ಮತ್ತೆ ದನಿ ಎತ್ತಿವೆ. ದತ್ತಾಂಶ ಕೇಂದ್ರಗಳಂತೂ ಎಕರೆಗಟ್ಟಲೆ ಭೂಮಿ ಮತ್ತು ಊರಿಗಾಗುವಷ್ಟು ವಿದ್ಯುತ್ತನ್ನು ಪಡೆದರೂ ಕಟ್ಟಡ ಮುಗಿದ ಮೇಲೆ ಬಹಳ ಕಡಿಮೆ ಜನರಿಗೆ ಕೆಲಸ ಕೊಡುವ ಉದ್ಯಮ. ಆದ್ದರಿಂದ ಅಂಥ ಪ್ರಸ್ತಾವ ಎಲ್ಲಿಗೆ ಬಂದರೂ ಕೇಳಬೇಕಾದ ಮೊದಲ ಪ್ರಶ್ನೆ ನೀರಿನ ಲೆಕ್ಕ, ಎರಡನೆಯದು ಉದ್ಯೋಗದ ಲೆಕ್ಕ.

ತಪ್ಪಿಗೆ ಹೊಣೆ ಯಾರು?

ಈ ಸೀಮೆಯ ಬದುಕು ತೊಗರಿಯ ಮೇಲೆ ನಿಂತಿದೆ. ತೊಗರಿ ಕೆಟ್ಟರೆ ರೈತ ಗೊಡ್ಡು ಬಿತ್ತು ಎನ್ನುತ್ತಾನೆ, ಒಣಗಿತು ಎನ್ನುತ್ತಾನೆ. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವಂಥದು. ಎಲೆಯ ಮೇಲೆ ಏನು ಸಿಂಪಡಿಸಿದರೂ ವ್ಯರ್ಥ. ರೋಗ ತಾಳುವ ತಳಿ, ಬೆಳೆ ಬದಲಾವಣೆ, ಟ್ರೈಕೋಡರ್ಮಾದಿಂದ ಬೀಜೋಪಚಾರ ಇವೇ ದಾರಿ. ಗೊಡ್ಡು ರೋಗವಾದರೋ ಕಣ್ಣಿಗೆ ಕಾಣದ ನುಸಿಯೊಂದು ಹರಡುವ ವೈರಸ್ಸಿನಿಂದ ಬರುತ್ತದೆ. ಗಿಡ ಹಸಿರಾಗಿದ್ದೂ ಹೂ ಕಟ್ಟುವುದಿಲ್ಲ. ಆಡುಮಾತು ಅರಿಯದ ಯಂತ್ರ ಇವೆರಡನ್ನು ಕಲಸಿ ಸಲಹೆ ಕೊಟ್ಟರೆ ಔಷಧದಂಗಡಿಯ ಸಾಲ ಏರುತ್ತದೆ, ಬೆಳೆ ಉಳಿಯುವುದಿಲ್ಲ. ಕೃಷಿ ಇಲಾಖೆಯ ಸಿಬ್ಬಂದಿ ತಪ್ಪು ಹೇಳಿದರೆ ಕೇಳುವುದಕ್ಕೆ ಒಂದು ಕಚೇರಿ ಇದೆ. ಯಂತ್ರ ತಪ್ಪು ಹೇಳಿದರೆ ರೈತ ಹೋಗಬೇಕಾದ ಬಾಗಿಲು ಯಾವುದು? ಯಂತ್ರದ ಸಲಹೆ ಒಳ್ಳೆಯದಿದ್ದೀತು. ಹಾಗೆಂದು ಖಾಲಿ ಇರುವ ಕೃಷಿ ಸಹಾಯಕರ ಹುದ್ದೆಗಳನ್ನು ಖಾಲಿಯಾಗಿಯೇ ಬಿಡಲು ಅದು ನೆಪವಾಗಕೂಡದು.

ಇನ್ನೂ ಗಂಭೀರವಾದದ್ದು ಯಂತ್ರದ ಲೆಕ್ಕಾಚಾರಕ್ಕೆ ತೀರ್ಪಿನ ಅಧಿಕಾರ ಕೊಡುವುದು. ಗಡಿಯಾಚೆಯ ತೆಲಂಗಾಣದಲ್ಲಿ 2014ರಿಂದ 2019ರ ನಡುವೆ 18 ಲಕ್ಷಕ್ಕೂ ಹೆಚ್ಚು ಪಡಿತರ ಚೀಟಿಗಳು ರದ್ದಾದವು. ಹಲವು ಇಲಾಖೆಗಳ ದತ್ತಾಂಶವನ್ನು ಕೂಡಿಸಿ ಯಾರು ಬಡವರು, ಯಾರು ಅಲ್ಲ ಎಂದು ಲೆಕ್ಕ ಹಾಕುವ ಸಮಗ್ರ ವೇದಿಕ ಎಂಬ ಗಣಕ ವ್ಯವಸ್ಥೆಯ ಪಾತ್ರವೂ ಅದರಲ್ಲಿತ್ತು. ನೋಟಿಸು ಕೊಡದೆ ರದ್ದು ಮಾಡಿದ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರಲ್ಲಿ ಸ್ಥಳ ಪರಿಶೀಲನೆ ನಡೆಸುವಂತೆ ಆದೇಶವಾಯಿತು. ಅದು ಮಾತು ಹೆಣೆಯುವ ಯಂತ್ರವಲ್ಲ, ಲೆಕ್ಕದ ಯಂತ್ರ. ಆದರೆ ಪಾಠ ಎರಡಕ್ಕೂ ಒಂದೇ. ಅನ್ನದ ಬಟ್ಟಲನ್ನು ಕಿತ್ತುಕೊಳ್ಳುವ ತೀರ್ಮಾನಕ್ಕೆ ಸಹಿ ಹಾಕುವ ಮನುಷ್ಯನೊಬ್ಬ ಇರಲೇಬೇಕು. ಅವನಿಗೆ ಹೆಸರು, ಕಚೇರಿ, ಹೊಣೆ ಇರಬೇಕು.

ಆಕ್ಷೇಪ ಮತ್ತು ಉತ್ತರ

ಇದೆಲ್ಲ ಯಂತ್ರವಿರೋಧಿ ಮಾತಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಶಿಕ್ಷಕರಿಲ್ಲದ ಶಾಲೆಯ ಹುಡುಗಿಗೆ ಗಣಿತದ ಅನುಮಾನವನ್ನು ರಾತ್ರಿ ಹತ್ತಕ್ಕೂ ಬಿಡಿಸಿ ಹೇಳುವ, ಅಕ್ಷರ ಬಾರದ ಅಜ್ಜಿಗೆ ಸರ್ಕಾರಿ ಪತ್ರವನ್ನು ಓದಿ ಹೇಳುವ, ದೃಷ್ಟಿ ಇಲ್ಲದವರಿಗೆ ಪುಸ್ತಕ ತೆರೆದಿಡುವ ಸಾಧನ ಕೆಟ್ಟದ್ದಾದೀತೆ? ಕೆಟ್ಟದ್ದಲ್ಲ. 1811ರ ಸುಮಾರಿಗೆ ಇಂಗ್ಲೆಂಡಿನಲ್ಲಿ ನೇಯ್ಗೆಯ ಯಂತ್ರಗಳನ್ನು ಒಡೆದ ಕಾರ್ಮಿಕರನ್ನು ಚರಿತ್ರೆ ಮೂಢರೆಂದು ಬಹುಕಾಲ ಅಪಹಾಸ್ಯ ಮಾಡಿತು. ಅವರಲ್ಲಿ ಅನೇಕರು ಸ್ವತಃ ಯಂತ್ರ ನಡೆಸಬಲ್ಲ ಕುಶಲಿಗಳು. ಯಂತ್ರದ ಹೆಸರಿನಲ್ಲಿ ಕೂಲಿ ಕಡಿದದ್ದೇ ಅವರ ಸಿಟ್ಟಿಗೆ ಕಾರಣ. ಪಂಪ್‌ಸೆಟ್ಟಿಗೆ ಯಾವ ರೈತನೂ ವಿರೋಧಿಯಲ್ಲ. ಊರಿನ ಬಾವಿಗೆ ಒಬ್ಬನೇ ಪಂಪು ಇಟ್ಟು ಬಾಗಿಲು ಹಾಕಿಕೊಂಡರೆ ಮಾತ್ರ ಜಗಳ.

ಈಗ ಬಾವಿ ಎಲ್ಲರದು. ಮಾತು ಜನರದು, ಗುರುತು ಹಾಕುವ ದುಡಿಮೆ ಬಡವರದು, ನೀರು ಮತ್ತು ವಿದ್ಯುತ್ತು ಸಾರ್ವಜನಿಕರದು, ಮೂಲ ಸಂಶೋಧನೆಯ ಬಹುಪಾಲು ವಿಶ್ವವಿದ್ಯಾಲಯಗಳದು. ಪಂಪು ಮಾತ್ರ ಕೆಲವರದು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಇಂಡಿಯಾ ಎಐ ಮಿಷನ್‌ಗೆ ನಿಗದಿಯಾದ ಮೊತ್ತ 10,372 ಕೋಟಿ ರೂಪಾಯಿ. ಸಾರ್ವಜನಿಕ ಹಣದಿಂದ ಕಟ್ಟಿದ ಯಂತ್ರಶಕ್ತಿ ಸಾರ್ವಜನಿಕ ಗ್ರಂಥಾಲಯದಂತೆ ಜನರ ಒಡೆತನದಲ್ಲಿ ಉಳಿಯಬೇಕೇ, ಖಾಸಗಿ ಕಂಪನಿಗಳ ಏಣಿಯಾಗಬೇಕೇ ಎಂಬುದು ತಂತ್ರಜ್ಞರು ಮಾತ್ರ ತೀರ್ಮಾನಿಸುವ ವಿಷಯವಲ್ಲ. ಅದು ರಾಜಕೀಯದ ಪ್ರಶ್ನೆ. ಗ್ರಾಮಸಭೆಯಲ್ಲೂ ಕೇಳಬಹುದಾದ ಪ್ರಶ್ನೆ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಊರಿನ ಧ್ವನಿ, ಹಾಡು, ಗಿಡಮೂಲಿಕೆಯ ಅರಿವನ್ನು ದಾಖಲಿಸಲು ಯಾರೇ ಬಂದರೂ, ಯಾವ ಉದ್ದೇಶಕ್ಕೆ, ಯಾರ ಬಳಕೆಗೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಟ್ಟು ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕೆಂಬ ಠರಾವನ್ನು ಪ್ರತಿ ಪಂಚಾಯಿತಿ ಮಾಡಬಹುದು. ಜೀವವೈವಿಧ್ಯ ದಾಖಲಾತಿಯಲ್ಲಿ ಗೋಪ್ಯವಾಗಿ ಉಳಿಯಬೇಕಾದ ಭಾಗ ಯಾವುದೆಂದು ಸಮಿತಿಗಳು ಈಗಲೇ ಗುರುತಿಸಬಹುದು. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಕಲ್ಯಾಣ ನಿಧಿಯನ್ನೂ, ಕೆಲಸಗಾರರ ಮೇಲೆ ಯಂತ್ರ ಕೈಗೊಳ್ಳುವ ತೀರ್ಮಾನಗಳ ವಿವರಣೆ ಪಡೆಯುವ ಹಕ್ಕನ್ನೂ ಕೊಟ್ಟಿದೆ. ದತ್ತಾಂಶಕ್ಕೆ ಗುರುತು ಹಾಕುವವರನ್ನು, ಧ್ವನಿ ಕೊಡುವವರನ್ನು ಸ್ಪಷ್ಟವಾಗಿ ಅದರ ನೆರಳಿಗೆ ತರಬೇಕೆಂದು ಒತ್ತಾಯಿಸಬಹುದು. ದತ್ತಾಂಶ ಕೇಂದ್ರಗಳ ನೀರು, ವಿದ್ಯುತ್ತಿನ ಲೆಕ್ಕ ವರ್ಷಕ್ಕೊಮ್ಮೆ ಬಹಿರಂಗವಾಗಬೇಕೆಂದು ಕೇಳಬಹುದು. ವಿದ್ಯಾರ್ಥಿಗಳು ಯಂತ್ರವನ್ನು ಬಳಸಲಿ. ಅದರ ಉತ್ತರವನ್ನು ಊರಿನ ಅರಿವಿನೊಂದಿಗೆ ತಾಳೆ ನೋಡಿ, ತಪ್ಪಿದ್ದಲ್ಲಿ ತಪ್ಪೆಂದು ಹೇಳುವ ಧೈರ್ಯವನ್ನೂ ಬೆಳೆಸಿಕೊಳ್ಳಲಿ.

ಹಿಂದೆ ಕಣದಲ್ಲಿ ರಾಶಿ ಮಾಡಿದ ದಿನ ಧಾನ್ಯ ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಕುಳ ಬಡಿದ ಕಮ್ಮಾರನಿಗೆ, ಕೂರಿಗೆ ಕೆತ್ತಿದ ಬಡಿಗನಿಗೆ, ಮಿಣಿ ಹೊಸೆದವನಿಗೆ, ಕಣ ಕಾಯ್ದವನಿಗೆ ಆಯ ಅಳೆದು ಕೊಟ್ಟ ಮೇಲೆಯೇ ಉಳಿದದ್ದು ಒಡೆಯನ ಹಗೇವಿಗೆ ಸೇರುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಅವಮಾನವೂ ಇತ್ತು. ಅದು ಮರಳುವುದು ಬೇಡ. ಆದರೆ ರಾಶಿಯ ಹಿಂದೆ ಎಷ್ಟು ಕೈಗಳಿವೆ ಎಂಬುದನ್ನು ಧಾನ್ಯ ಮನೆಗೊಯ್ಯುವ ಮೊದಲು ಲೆಕ್ಕ ಹಾಕಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. ಜಗತ್ತಿನ ಇಷ್ಟು ದೊಡ್ಡ ರಾಶಿಗೆ ಈ ಸೀಮೆಯ ಮಾತಿನ ಕಾಳುಗಳೂ ಸೇರುತ್ತಿವೆ. ಆಯದ ಲೆಕ್ಕ ಇನ್ನೂ ಯಾರೂ ಹಾಕಿಲ್ಲ. ಅದನ್ನು ಕೇಳುವ ಕೆಲಸ ಕಣದಲ್ಲಿ ನಿಂತವರಿಂದಲೇ ಆರಂಭವಾಗಬೇಕಾಗಿದೆ.